ಒಂದು ಕೊಟ್ಟಿಗೆ, ಒಂದು ಶೆಡ್ಡು, ನಾಲ್ಕು ಮಳೆಗಾಲ

2022ರ ಜುಲೈ ತಿಂಗಳ ಒಂದು ಬೆಳಿಗ್ಗೆ ಕೊಟ್ಟಿಗೆಯ ಪಡುಗೋಡೆಗೆ ತೂಗುಹಾಕಿದ್ದ ಕೈಗರಗಸವನ್ನು ಕೆಳಗಿಳಿಸಿದೆ. ಗರಗಸ ಕೈಗೆ ಬಂತು, ಅದರ ಆಕಾರ ಮಾತ್ರ ಗೋಡೆಯಲ್ಲೇ ಉಳಿಯಿತು. ಹೊಸದಾಗಿ ಬಳಿದ ಬಿಳಿಯ ಮೇಲೆ ಹಲ್ಲುಗಳನ್ನು ಎಣಿಸಬಹುದಾದಷ್ಟು ಸ್ಪಷ್ಟವಾಗಿ ತುಕ್ಕಿನ ಅಚ್ಚು ಬಿದ್ದಿತ್ತು. ಮೂರು ವಾರಗಳ ಹಿಂದಷ್ಟೇ ಎಣ್ಣೆ ಒರೆಸಿ ಇಟ್ಟ ಗರಗಸ ಅದು. ಪಕ್ಕದಲ್ಲಿದ್ದ ಉಳಿಗಳು, ಮಟ್ಟಗೋಲು, ಎರಡು ಸ್ಪ್ಯಾನರ್‌ಗಳದ್ದೂ ಅದೇ ಗತಿ. ಎದುರಿನ ಮೂಡಣ ಗೋಡೆಯಲ್ಲಿದ್ದವಕ್ಕೆ ಅಷ್ಟು ಆಗಿರಲಿಲ್ಲ. ಒಂದೇ ಸೂರಿನಡಿ, ಒಂದೇ ಗಾಳಿಯಲ್ಲಿ, ಹದಿನಾಲ್ಕು ಅಡಿ ಅಂತರದಲ್ಲಿ ಇಷ್ಟು ವ್ಯತ್ಯಾಸ ಏಕೆ ಎಂದು ಹುಡುಕಲು ಹೊರಟೆ. ಆ ಹುಡುಕಾಟ ಕಡೆಗೆ ಕೊಟ್ಟಿಗೆಯನ್ನೇ ಬಿಟ್ಟು ಬೇರೆ ಶೆಡ್ಡು ಕಟ್ಟುವಲ್ಲಿಗೆ ಬಂದು ನಿಂತಿತು.

ನಮ್ಮ ಮನೆ ಇರುವುದು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ, ಭೈರುಂಬೆ ದಾಟಿ ಒಳಗೆ. ಒಂದೂವರೆ ಎಕರೆ ಅಡಿಕೆ ತೋಟ, ತೋಟದ ಮೇಲೆ ಮನೆ, ಮನೆಯ ಮೇಲೆ ಸೊಪ್ಪಿನ ಬೆಟ್ಟ. ನಾನು ಹತ್ತೊಂಬತ್ತು ವರ್ಷ ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರ ದುರಸ್ತಿಯ ಕೆಲಸ ಮಾಡಿ ಊರಿಗೆ ಮರಳಿದವನು. ಬಂದ ವರ್ಷವೇ ಅರ್ಥವಾದದ್ದೆಂದರೆ, ತೋಟದ ಅರ್ಧ ಕೆಲಸ ನಿಲ್ಲುವುದು ಆಳಿಲ್ಲದೆ ಅಲ್ಲ, ಒಂದು ವಾಷರ್ ಇಲ್ಲದೆ. ಕಳೆ ಕೊಚ್ಚುವ ಯಂತ್ರದ ಕ್ಲಚ್ ಹೋಗುತ್ತದೆ, ಔಷಧಿ ಹೊಡೆಯುವ ಪಂಪಿನ ವಾಲ್ವ್ ಕಚ್ಚಿಕೊಳ್ಳುತ್ತದೆ, ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಕೂಗುತ್ತದೆ. ಪ್ರತಿ ಸಲವೂ ಶಿರಸಿಗೆ ಹೋಗಿ ಬರಬೇಕು, ದಿನ ಹಾಳು. ಜೊತೆಗೆ ಮನೆಯ ಬಾಗಿಲು, ಕಿಟಕಿ, ಏಣಿ, ಪಕಾಸು, ರೀಪುಗಳ ಮರಗೆಲಸ. ಕರೆದಾಗ ಬರುವ ಆಚಾರಿಗಳು ನಮ್ಮ ಸುತ್ತಿನಲ್ಲಿ ಒಬ್ಬರೇ. ಅವರಿಗೂ ಅರವತ್ತೆಂಟು ದಾಟಿದೆ. ಹಾಗಾಗಿ ದುರಸ್ತಿಗೂ ಮರಗೆಲಸಕ್ಕೂ ಮನೆಯಲ್ಲೇ ಒಂದು ಕೆಲಸದ ಕೋಣೆ ಮಾಡಿಕೊಳ್ಳಬೇಕೆಂದು ತೀರ್ಮಾನಿಸಿದೆ.

2022ರ ಮಾರ್ಚಿನಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಮುಗಿಯುವ ತನಕ ಇಲ್ಲಿ ಯಾರನ್ನೂ ಕೆಲಸಕ್ಕೆ ಕರೆಯುವಂತಿಲ್ಲ, ಕರೆದರೆ ಬರುವವರೂ ಇಲ್ಲ. ಜಾತ್ರೆ ಮುಗಿದ ಮರುವಾರ ಕೆಲಸ ಶುರುಮಾಡಿದೆ.

ಜಾಗಕ್ಕೆ ಮೂರು ಯೋಚನೆಗಳಿದ್ದವು. ಮೊದಲನೆಯದು ಬೆಟ್ಟದ ಅಂಚು. ಎತ್ತರದ ಜಾಗ, ನೀರು ನಿಲ್ಲುವುದಿಲ್ಲ, ಸದ್ದಾದರೂ ಮನೆಗೆ ಕೇಳುವುದಿಲ್ಲ. ಆದರೆ ಸೊಪ್ಪಿನ ಬೆಟ್ಟ ನಮ್ಮದೆನ್ನುವುದು ಮಾತಿಗೆ ಮಾತ್ರ. ತೋಟಕ್ಕೆ ಸೊಪ್ಪು, ದರಕು (ಒಣ ತರಗೆಲೆ) ತರುವ ಹಕ್ಕು ನಮಗಿದೆ, ಅಲ್ಲಿ ಕಟ್ಟಡ ಕಟ್ಟುವ ಹಕ್ಕಿಲ್ಲ. ಬೆಟ್ಟದಲ್ಲಿ ಶೆಡ್ಡು ಹಾಕಿ ನೋಟಿಸು ಕೈಗೆ ಬಂದ ಮೇಲೆ ಓಡಾಡುವವರನ್ನು ನೋಡಿದ್ದೇನೆ. ಎರಡನೆಯದು ತೋಟದ ತಲೆ. ಪಂಪು ಅಲ್ಲೇ ಇದೆ, ಯಂತ್ರಗಳ ಕೆಲಸವೂ ಅಲ್ಲೇ. ಆದರೆ ತೋಟವೆಂದರೆ ಕಣಿವೆ. ಡಿಸೆಂಬರಿನಲ್ಲೂ ಹತ್ತು ಗಂಟೆಯವರೆಗೆ ಇಬ್ಬನಿ ಆರುವುದಿಲ್ಲ. ಮೂರನೆಯದು ಮನೆಯ ಪಕ್ಕದ ಕೊಟ್ಟಿಗೆ. ಒಂದು ಕಾಲಕ್ಕೆ ಹನ್ನೊಂದು ದನಗಳಿದ್ದ ಕೊಟ್ಟಿಗೆಯಲ್ಲಿ ಈಗ ಒಂದೂ ಇರಲಿಲ್ಲ. ಗೋಡೆ ಇದೆ, ಮಾಡು ಇದೆ, ಖರ್ಚು ಕಡಿಮೆ ಎಂದು ಲೆಕ್ಕ ಹಾಕಿದೆ.

ಆಯಿ ಒಪ್ಪಲಿಲ್ಲ. ದನ ಹೋದ ಬೇಸರಕ್ಕೆ ಹಾಗೆನ್ನುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಬೇರೆಯೇ ಆಗಿತ್ತು. "ಆ ಗೋಡೆ ಉಪ್ಪುಂಡ ಗೋಡೆ ಮಾರಾಯ. ಬಿಸಿಲು ಕಾಲದಲ್ಲೂ ಬೆವರುತ್ತದೆ. ನಿನ್ನ ಅಜ್ಜ ಅದರ ಪಕ್ಕ ಅಕ್ಕಿಮುಡಿ ಇಡಲಿಕ್ಕೆ ಬಿಡುತ್ತಿರಲಿಲ್ಲ."

ನಾನು ಸಿಮೆಂಟು ಗಾರೆ ಮಾಡಿಸಿದೆ.

ಗೋಡೆಯೊಳಗಿನ ಉಪ್ಪು

ಜುಲೈನಲ್ಲಿ ಗಾರೆ ಉಬ್ಬಿತು. ಬೆರಳಿನಿಂದ ತಟ್ಟಿದರೆ ಡೊಳ್ಳಿನ ಸದ್ದು. ಒಂದು ಉಬ್ಬನ್ನು ಉಳಿಯಿಂದ ಕೆರೆದಾಗ ಹಿಂದೆ ಬೂರುಗದ ಹತ್ತಿಯಂತೆ ಬಿಳಿ ನವಿರು ಸಿಕ್ಕಿತು. ನಾಲಿಗೆಯ ತುದಿಗೆ ಸೋಕಿಸಿದೆ (ಯಾರೂ ಹೀಗೆ ಮಾಡಬೇಡಿ). ಕಹಿ ಬೆರೆತ ಉಪ್ಪು, ತಣ್ಣಗಿತ್ತು.

ಆಗಿದ್ದು ಇಷ್ಟು. ದನಗಳನ್ನು ಕಟ್ಟುತ್ತಿದ್ದದ್ದು ಪಡುಗೋಡೆಯ ಕಡೆ ಬಾಲ ಮಾಡಿ. ಅವುಗಳ ಗಂಜಲ ಎಪ್ಪತ್ತೆಂಬತ್ತು ವರ್ಷ ಆ ಗೋಡೆಯ ಬುಡಕ್ಕೇ ಹರಿದಿತ್ತು. ಗಂಜಲದಲ್ಲಿರುವ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಲವಣಗಳಾಗಿ ಮಾರ್ಪಡಿಸುತ್ತವೆ. ಬಿಹಾರದ ಕಡೆ ಹಿಂದಿನವರು ಇಂಥ ಮಣ್ಣನ್ನು ಕೆರೆದು, ಸೋಸಿ, ಕುದಿಸಿಯೇ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ತೆಗೆಯುತ್ತಿದ್ದದ್ದು. ನಮ್ಮ ಗೋಡೆ ಚಿರೆಕಲ್ಲಿನದು. ಚಿರೆಕಲ್ಲು ಎಂದರೆ ಜೇನುಹುಟ್ಟಿನಂತೆ ತೂತು ತೂತು, ಬುಡದ ನೀರನ್ನು ಬತ್ತಿಯಂತೆ ಮೇಲೆ ಎಳೆಯುತ್ತದೆ. ನೀರಿನೊಂದಿಗೆ ಉಪ್ಪೂ ಏರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಆ ಉಪ್ಪು ತಾನೇ ಗಾಳಿಯ ನೀರನ್ನು ಹೀರುತ್ತದೆ, ತೇವ ಇಳಿದಾಗ ಹರಳುಗಟ್ಟಿ ಗಾರೆಯನ್ನು ಹೊರಕ್ಕೆ ತಳ್ಳುತ್ತದೆ. ಹಳೆಯ ಸುಣ್ಣದ ಗಾರೆಯಿದ್ದಾಗ ಗೋಡೆ ಉಸಿರಾಡುತ್ತಿತ್ತು. ನಾನು ಸಿಮೆಂಟು ಬಳಿದು ಅದರ ಮೂಗು ಕಟ್ಟಿದೆ. ಕಬ್ಬಿಣಕ್ಕೆ ಒದ್ದೆ ಉಪ್ಪಿನ ಗೋಡೆಗಿಂತ ಕೆಟ್ಟ ನೆರೆ ಬೇರೆ ಇಲ್ಲ.

ಇದರ ಮೇಲೆ ನನ್ನದೇ ಇನ್ನೊಂದು ಬುದ್ಧಿವಂತಿಕೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣಕ್ಕೆಂದು ತಂದ ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ ಹಲಗೆಯ ಮೇಲಿತ್ತು, ಅದರ ಕೆಳಗಿನ ಹಲಗೆಯಲ್ಲಿ ಬ್ಲೇಡುಗಳು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಎಂಬುದೂ ಗೊತ್ತು. ಆದರೆ ಚೀಲದ ಮೂಲೆಯಲ್ಲಿ ಒಂದು ಸಣ್ಣ ತೂತಿದ್ದದ್ದನ್ನು ಯಾರೂ ನೋಡಿರಲಿಲ್ಲ. ಕಳೆ ಕೊಚ್ಚುವ ಬ್ಲೇಡಿನ ಅಂಚು ಹೊಸ ತಾಮ್ರದ ಚೊಂಬಿನಂತೆ ಕೆಂಪಗೆ ಹೊಳೆಯುತ್ತಿತ್ತು. ಒಂದು ಕ್ಷಣ ಚೆಂದ ಎನಿಸಿತು ಕೂಡ. ಕಬ್ಬಿಣ ಕರಗಿ, ಅದರ ಜಾಗದಲ್ಲಿ ತಾಮ್ರ ಕೂತಿತ್ತು. ಒರೆಸಿದರೆ ಕೆಳಗೆ ಹೊಂಡ ಹೊಂಡ. ಅಂದಿನಿಂದ ಮೈಲುತುತ್ತ ಇರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ತೋಟದ ಪಂಪುಮನೆಯಲ್ಲಿ.

ಕೊಟ್ಟಿಗೆಗೆ ಸುರಿದ ಎಪ್ಪತ್ತು ಸಾವಿರ ರೂಪಾಯಿ ಹೋಯಿತು. ಈಗ ಆ ಕೊಟ್ಟಿಗೆಯಲ್ಲಿ ಕಟ್ಟಿಗೆ, ಅಡಿಕೆ ಸಿಪ್ಪೆ, ಸೋಗೆಯ ಹೊರೆಗಳಿವೆ. ಗಾರೆಯನ್ನು ಪೂರ್ತಿ ಕೆರೆಸಿದ್ದೇನೆ. ಗೋಡೆ ಮತ್ತೆ ಉಸಿರಾಡುತ್ತಿದೆ, ಆಯಿಗೆ ಸಮಾಧಾನ.

ಗೂಟಗಳು

ಆ ಜುಲೈನಲ್ಲೇ ಒಂದು ಒಳ್ಳೆಯ ಕೆಲಸ ಮಾಡಿದೆ, ಅದೂ ಆಚಾರಿಗಳ ಮಾತಿನಿಂದ. ಗೋಡೆ ನೋಡಲು ಬಂದವರು ಕಂಬಳಿ ಕೊಪ್ಪೆಯಲ್ಲೇ ಅಂಗಳದಲ್ಲಿ ನಿಂತು, "ಹೆಗಡೆಯವರೇ, ಹೊಸದು ಕಟ್ಟುವುದಾದರೆ ಜಾಗವನ್ನು ಈಗಲೇ ನೋಡಿ. ಬೇಸಿಗೆಯಲ್ಲಿ ಎಲ್ಲ ಜಾಗವೂ ಒಳ್ಳೆಯದೇ" ಎಂದರು.

ಹುಬ್ಬಳ್ಳಿಯಲ್ಲಿ ಬೀಳುವ ಮಳೆ ನಮ್ಮಲ್ಲಿ ಬೀಳುವುದರ ಸುಮಾರು ಮೂರನೇ ಒಂದು ಪಾಲು. ಶಿರಸಿ ಸೀಮೆಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಘಟ್ಟದ ಕೆಳಗೆ ಹೊನ್ನಾವರ, ಕಾರವಾರದ ಕಡೆ ಮೂರು ಸಾವಿರವೂ ದಾಟುತ್ತದೆ. ಇಲ್ಲಿಯೇ ಹುಟ್ಟಿದವನಿಗೆ ಮಳೆ ಗೊತ್ತಿರಲಿಲ್ಲ ಎಂದಲ್ಲ. ಮನುಷ್ಯರು ಮಳೆಗಾಲ ಕಳೆಯುವುದು ಗೊತ್ತಿತ್ತು, ಕಬ್ಬಿಣ ಕಳೆಯುವುದು ಗೊತ್ತಿರಲಿಲ್ಲ. ತಲೆಯಲ್ಲಿ ಹುಬ್ಬಳ್ಳಿಯ ಕಾರ್ಖಾನೆಯ ನಕ್ಷೆಯೇ ಇತ್ತು.

ಮೂರು ದಿನ ಎಡೆಬಿಡದೆ ಸುರಿದ ಮಳೆಯಲ್ಲಿ ಅಡಿಕೆ ದಬ್ಬೆಯ ಗೂಟಗಳನ್ನು ಹಿಡಿದು ಹಿತ್ತಿಲು ತಿರುಗಿದೆ. ನೀರು ಹರಿದ ದಾರಿಗೆ ಒಂದು ಗೂಟ, ನಿಂತ ಜಾಗಕ್ಕೆ ಎರಡು. ಮನೆಯ ಹಿಂದಿನ ಧರೆಯ ಕಾಲಬುಡದಲ್ಲಿ ಎಂಟು ಕಡೆ ಜಲ ಎದ್ದಿತ್ತು. ಏಪ್ರಿಲಿನಲ್ಲಿ ನಾನು ಇಷ್ಟಪಟ್ಟಿದ್ದ ಜಾಗ ಅದೇ: ಸಮತಟ್ಟು, ನೆರಳು, ಗಾಳಿಗೆ ಮರೆ. ಧರೆ ಕುಸಿಯುವ ಭಯ ಹಾಗಿರಲಿ, ಕುಸಿಯದಿದ್ದರೂ ನೆಲದಡಿಯ ನೀರು ತಿಂಗಳುಗಟ್ಟಲೆ ನಿಲ್ಲುವ ಜಾಗ. ಕಡೆಗೆ ಗೂಟವೇ ಬೀಳದೆ ಉಳಿದದ್ದು ಹಳೆಯ ಅಡಿಕೆ ಅಂಗಳದ ಮೂಡಣ ಮೂಲೆ. ಅಜ್ಜನ ಕಾಲದಲ್ಲಿ ಅಡಿಕೆ ಒಣಗಿಸಲು ಆರಿಸಿದ ಜಾಗ ಅದು. ಅವರೂ ನೀರು ನೋಡಿಯೇ ಆರಿಸಿದ್ದಿರಬೇಕು.

ಕಾಗದಪತ್ರದ ಕೆಲಸ ಬೇಗ ಮುಗಿಯಿತು. ಜಾಗ ನಮ್ಮ ಮನೆಯ ಹಿತ್ತಿಲಿನದು, ಪಂಚಾಯ್ತಿಗೆ ಅರ್ಜಿ ಕೊಟ್ಟೆ. ಕೃಷಿ ಜಮೀನಿನಲ್ಲಿ ಕಟ್ಟುವವರು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮನ್ನು ಒಮ್ಮೆ ಓದಿಕೊಳ್ಳಬೇಕು. ಕೃಷಿಗೆ ಬೇಕಾದ ಕಟ್ಟಡ ಬೇರೆ, ದುಡಿಮೆಗೆಂದು ಬೋರ್ಡು ಹಾಕಿ ನಡೆಸುವ ವರ್ಕ್‌ಶಾಪ್ ಬೇರೆ. ನಾನು ಕಟ್ಟುವಾಗ ಎರಡನೆಯದಕ್ಕೆ ಭೂಪರಿವರ್ತನೆ ಬೇಕಿತ್ತು. ಮರದ ಮಾತೂ ಹಾಗೆಯೇ. ದಿಮ್ಮಿ ಸೀಳುವ ದೊಡ್ಡ ಗರಗಸದ ಆಸೆ ನನಗಿತ್ತು. ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು, ಮತ್ತು 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದ ನಂತರ ಗರಗಸದ ಮಿಲ್ಲುಗಳ ಮೇಲೆ ದೇಶದಾದ್ಯಂತ ಬಿಗಿ ಹೆಚ್ಚಿದೆ. ಹಾಗಾಗಿ ದಿಮ್ಮಿ ಪರವಾನಗಿಯುಳ್ಳ ಮಿಲ್ಲಿಗೆ ಹೋಗಲಿ, ಹಲಗೆಯಾಗಿ ಮನೆಗೆ ಬರಲಿ ಎಂದು ಆ ಆಸೆ ಬಿಟ್ಟೆ. ಜಾಗವೂ ಉಳಿಯಿತು.

ಕಟ್ಟಿದ್ದು

ಅಡಿಕೆ ಕೊಯ್ಲು ಮುಗಿಸಿ 2023ರ ಫೆಬ್ರುವರಿಯಲ್ಲಿ ಪಂಚಾಂಗ (ಅಡಿಪಾಯ) ತೋಡಿದೆವು. ಹದಿನಾರು ಅಡಿ ಅಗಲ, ಇಪ್ಪತ್ತನಾಲ್ಕು ಅಡಿ ಉದ್ದ. ಅಳತೆ ಬಂದದ್ದು ಯಂತ್ರಗಳಿಂದಲ್ಲ, ಪಕಾಸಿನಿಂದ. ಹದಿನಾಲ್ಕು ಅಡಿಯ ಪಕಾಸನ್ನು ಗರಗಸಕ್ಕೆ ಕೊಡುವಾಗ ಹಿಂದೆ ಅಷ್ಟೇ ಜಾಗ, ಮುಂದೆಯೂ ಅಷ್ಟೇ ಜಾಗ ಬೇಕು. ಇಪ್ಪತ್ತೆಂಟು ಅಡಿಯ ಕೋಣೆ ಕಟ್ಟುವ ಬದಲು ಮೂಡಣದಲ್ಲಿ ಜೋಡಿ ಬಾಗಿಲು ಇಟ್ಟು, ಅದರ ನೇರಕ್ಕೆ ಗರಗಸದ ಮೇಜು ಹಾಕಿದೆ. ಉದ್ದದ ಮರ ಬಾಗಿಲಿನಿಂದ ಹೊರಗೆ ಚಾಚುತ್ತದೆ.

ಪಂಚಾಂಗ ಕಪ್ಪುಕಲ್ಲಿನದು, ನೆಲದಿಂದ ಎರಡು ಅಡಿ ಮೇಲೆ. ಅದರ ಮೇಲೆ ನಾಲ್ಕು ಅಂಗುಲದ ಕಾಂಕ್ರೀಟ್ ಪಟ್ಟಿ, ಪಟ್ಟಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಚಿರೆಕಲ್ಲು. ಬುಡದ ನೀರು ಗೋಡೆ ಹತ್ತದಂತೆ ಈ ಹಾಳೆ ತಡೆಯುತ್ತದೆ. ಇದಕ್ಕೆ ತಗುಲಿದ ಹಣ ಇಡೀ ಕಟ್ಟಡದಲ್ಲೇ ಅತಿ ಕಡಿಮೆ, ಬಿಟ್ಟಿದ್ದರೆ ಆಗುತ್ತಿದ್ದ ನಷ್ಟ ಅತಿ ಹೆಚ್ಚು. ಮೇಸ್ತ್ರಿಗೆ ಮಾತ್ರ ಹಾಳೆಯ ಮೇಲೆ ಗಾರೆ ಹಿಡಿಯುವುದಿಲ್ಲ ಎಂಬ ಅನುಮಾನ. ಮೊದಲ ಸಾಲಿನ ಕಲ್ಲನ್ನು ಎರಡು ಸಲ ಎತ್ತಿ ನೋಡಿದ. ನೆಲದ ಕಾಂಕ್ರೀಟಿನ ಅಡಿಯಲ್ಲೂ ಅದೇ ಹಾಳೆ ಹಾಸಿದೆವು. ಗೆದ್ದಲಿನ ಔಷಧಿಯನ್ನು ಪಂಚಾಂಗ ತುಂಬುವಾಗಲೇ ಹೊಯ್ದದ್ದು. ನಮ್ಮಲ್ಲಿ ವರಲೆ ಕಾಣದ ಮರವೂ ಇಲ್ಲ, ಗೋಡೆಯೂ ಇಲ್ಲ.

ಚಿರೆಕಲ್ಲನ್ನು ಒಂದು ತಿಂಗಳು ಮುಂಚೆಯೇ ತರಿಸಿ ಬಿಸಿಲಿಗೆ ಬಿಟ್ಟಿದ್ದೆ. ಗಣಿಯಿಂದ ತೆಗೆದಾಗ ಕೊಡಲಿಯಲ್ಲಿ ಕೆತ್ತುವಷ್ಟು ಮೆತ್ತಗಿರುವ ಕಲ್ಲು ಗಾಳಿಗೆ ತೆರೆದಂತೆ ಗಟ್ಟಿಯಾಗುತ್ತದೆ. ಮಳೆ ಬಡಿಯುವ ಪಡುವಣ ಮತ್ತು ತೆಂಕಣ ಗೋಡೆಗಳಿಗೆ ಕಿಟಕಿಯೇ ಇಲ್ಲ. ಬಡಗಣಕ್ಕೆ ಆರಡಿ ಉದ್ದದ ಎರಡು ಕಿಟಕಿ. ಆಷಾಢದ ಮೋಡದಲ್ಲಿ ನಡುಮಧ್ಯಾಹ್ನವೂ ಸಂಜೆಯಂತಿರುತ್ತದೆ. ಬಡಗಣದ ಬೆಳಕು ಮಂದವಾದರೂ ನೆರಳು ಬೀಳಿಸುವುದಿಲ್ಲ, ಉಳಿ ಮಸೆಯುವವನಿಗೆ ಅದೇ ಬೇಕು. ಮೇಲೆ ನಾಲ್ಕು ಗಾಜಿನ ಹೆಂಚುಗಳನ್ನೂ ಹಾಕಿದೆ.

ಮಾಡಿನ ವಿಷಯಕ್ಕೆ ಮನೆಯಲ್ಲಿ ಎರಡು ಪಕ್ಷವಾಯಿತು. ಭಾವ ತಗಡಿನ ಕಡೆ: ಬೇಗ ಆಗುತ್ತದೆ, ಹಗುರ, ಮಂಗಗಳ ಕಾಟವಿಲ್ಲ. ನಾನು ಹೆಂಚಿನ ಕಡೆ. ಕಾರಣ ಚೆಂದವಲ್ಲ. ತಗಡು ರಾತ್ರಿ ತಣ್ಣಗಾಗಿ ಬೆಳಗಿನ ಜಾವ ಒಳಮೈಯಲ್ಲಿ ಬೆವರುತ್ತದೆ, ಬೆವರು ಯಂತ್ರದ ಮೇಲೆ ತೊಟ್ಟಿಕ್ಕುತ್ತದೆ. ಸುಟ್ಟ ಮಣ್ಣಿನ ಹೆಂಚು ಆ ಬೆವರನ್ನು ತಾನೇ ಕುಡಿದು ಹಗಲು ಹೊರಬಿಡುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆ ಈ ಕರಾವಳಿ ಮಲೆನಾಡಿಗೆ ಮಾಡಿದ ಉಪಕಾರ ಸಣ್ಣದಲ್ಲ. ಕಳಚಿದ ಹಳೆಯ ಮನೆಯೊಂದರ ಹೆಂಚು ಅಗ್ಗಕ್ಕೆ ಸಿಕ್ಕಿತು. ಸೂರನ್ನು ಪಡುವಣಕ್ಕೆ ನಾಲ್ಕು ಅಡಿ ಚಾಚಿದೆವು. ಮಂಗಗಳ ವಿಷಯದಲ್ಲಿ ಭಾವನೇ ಗೆದ್ದ. ಮೊದಲ ವರ್ಷ ಹನ್ನೊಂದು ಹೆಂಚು ಒಡೆದವು. ಮೂಲೆಯಲ್ಲಿ ಐವತ್ತು ಹೆಂಚಿನ ಅಟ್ಟಿ ಈಗ ಯಾವಾಗಲೂ ಇರುತ್ತದೆ, ಯಂತ್ರಗಳ ಮೇಲೆ ಟಾರ್ಪಾಲೂ.

ಒಳಗಿನ ಜೋಡಣೆಯಲ್ಲಿ ನನ್ನ ನಕ್ಷೆಯನ್ನು ಆಚಾರಿಗಳು ಒಂದೇ ಮಾತಿನಲ್ಲಿ ಅಳಿಸಿದರು. ಕೊಟ್ಟಿಗೆಯ ಹಳೆಯ ಹೊನ್ನೆ ತೊಲೆಯನ್ನು ಸೀಳಿಸಿ, ಮೂವತ್ತಮೂರು ಅಂಗುಲ ಎತ್ತರದ ಭಾರಿ ಬೆಂಚು ಮಾಡಿ, ಅದನ್ನು ಕೋಣೆಯ ನಡುವೆ ಇಡುವುದಿತ್ತು. ಅವರು ಬೆಂಚಿನ ಸುತ್ತ ಒಂದು ಸುತ್ತು ಬಂದು, "ಇದು ನಿಮಗೆ ಸರಿ. ನನಗೆ ಕುಳಿತುಕೊಳ್ಳಲು ನೆಲ ಎಲ್ಲಿ?" ಎಂದರು. ನಮ್ಮ ಕಡೆಯ ಹಳೆಯ ಕಸುಬುದಾರರು ಕುಳಿತು ಕೆಲಸ ಮಾಡುತ್ತಾರೆ. ಮರವನ್ನು ಹಿಡಿಯುವುದು ವೈಸ್ ಅಲ್ಲ, ಎರಡು ಪಾದ. ಅವರ ಬಲಗಾಲ ಹೆಬ್ಬೆರಳು ಚೌಕಟ್ಟಿನ ಮೂಲೆಯನ್ನು ಒತ್ತಿ ಹಿಡಿದಿದ್ದಾಗ ಉಳಿಯ ಅಲಗು ಅದರಿಂದ ಒಂದು ಅಂಗುಲ ದೂರದಲ್ಲಿ ಓಡುವುದನ್ನು ನೋಡಿದರೆ ನನಗೆ ಎದೆ ಡವಗುಟ್ಟುತ್ತದೆ. ಅವರ ಹತ್ತೂ ಬೆರಳುಗಳು ಇನ್ನೂ ಇವೆ. ಬೆಂಚನ್ನು ಕಿಟಕಿಯ ಗೋಡೆಗೆ ಒತ್ತಿ, ಬಾಗಿಲ ಬಳಿ ಆರು ಅಡಿ ಎಂಟು ಅಡಿ ಜಾಗಕ್ಕೆ ಹಲಗೆ ಹಾಸಿ ಬಿಟ್ಟೆವು. ಈಗ ಯಂತ್ರ ಬಿಚ್ಚಿ ಹರಡುವುದಕ್ಕೆ ನನಗೂ ಅದೇ ಜಾಗ ಬೇಕಾಗುತ್ತದೆ.

ವೆಲ್ಡಿಂಗ್ ಮತ್ತು ಗ್ರೈಂಡರ್ ಒಳಗೆ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಮರದ ಪುಡಿಯೊಳಗೆ ಬಿದ್ದ ಕಿಡಿ ಕೂಡಲೇ ಉರಿಯುವುದಿಲ್ಲ. ಒಳಗೊಳಗೇ ಕನಲಿ, ನಾವು ಊಟ ಮುಗಿಸಿ ಮಲಗಿದ ಮೇಲೆ ಏಳುತ್ತದೆ. ಅದಕ್ಕೆ ಮೂಡಣದ ಹೊರಗೆ ಇಳಿಮಾಡು ಎಂದು ನಕ್ಷೆಯಲ್ಲಿ ಬರೆದೆವು.

ಮೋಟಾರು ಹಾಡಿದ ರಾಗ

ವಿದ್ಯುತ್ ನನ್ನ ಕ್ಷೇತ್ರ ಎಂಬ ಹೆಮ್ಮೆಯಿತ್ತು. ಆದರೂ ತಪ್ಪು ಅಲ್ಲೇ ಆಯಿತು.

ಮೀಟರು ಮನೆಯ ಪಡುವಣ ಜಗುಲಿಯಲ್ಲಿ. ಅಲ್ಲಿಂದ ಶೆಡ್ಡಿಗೆ ತಂತಿಯ ದಾರಿ 60 ಮೀಟರ್. ಕೈಯಲ್ಲಿದ್ದ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನೇ ತಾತ್ಕಾಲಿಕವಾಗಿ ಎಳೆದೆ. ಹಗಲು ಎಲ್ಲ ಸರಿ. ಸಂಜೆ ಏಳಕ್ಕೆ ಗರಗಸದ ಒಂದೂವರೆ ಅಶ್ವಶಕ್ತಿಯ ಮೋಟಾರಿನ ಸ್ವಿಚ್ ಒತ್ತಿದರೆ ಮೋಟಾರು ತಿರುಗದೆ ಗುಂಯ್ ಎಂದು ಹಾಡಲು ಶುರುಮಾಡಿತು. ದೀಪ ಕೆಂಪಗಾಯಿತು. ನಾಲ್ಕೈದು ಸೆಕೆಂಡಿಗೇ ವಾರ್ನಿಷಿನ ವಾಸನೆ ಬಂತು. ಆರಿಸಿದೆ.

ಮೀಟರಿನ ಬಳಿ ಅಳೆದರೆ 195 ವೋಲ್ಟ್. ಹಳ್ಳಿಯ ತಂತಿಯ ತುದಿಯ ಮನೆಗಳಿಗೆ ಸಂಜೆ ಅಷ್ಟೇ ಬರುವುದು ಹೊಸದಲ್ಲ. ಆ ಮೋಟಾರು ಓಡುವಾಗ ಸುಮಾರು 9 ಆಂಪಿಯರ್ ಎಳೆಯುತ್ತದೆ, ಹೊರಡುವಾಗ ಅದರ ಐದು ಪಟ್ಟು, ಅಂದರೆ 45. ಹೋಗಿ ಬರುವ ತಂತಿ ಸೇರಿ 120 ಮೀಟರ್. 2.5ರ ತಂತಿಗೆ ಇಷ್ಟು ಉದ್ದದಲ್ಲಿ ಸುಮಾರು 0.9 ಓಮ್ ಪ್ರತಿರೋಧ. ದಾರಿಯಲ್ಲೇ 40 ವೋಲ್ಟ್ ಸೋರಿ, ಮೋಟಾರಿಗೆ ಸಿಗುವುದು 155. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರಲ್ಲಿ ನೂರು ಇದ್ದ ಬಲ 155ರಲ್ಲಿ ನಲವತ್ತೈದಕ್ಕೆ ಬಂದು ನಿಲ್ಲುತ್ತದೆ. ಗರಗಸ ಹಾಡದೆ ಇನ್ನೇನು ಮಾಡೀತು?

6 ಚದರ ಮಿಲಿಮೀಟರಿನ ತಂತಿ ಹಾಕಿದ ಮೇಲೆ ಹೊರಡುವಾಗಿನ ಸೋರಿಕೆ 17 ವೋಲ್ಟಿಗೆ ಇಳಿಯಿತು. ಮೋಟಾರು ಈಗ ಸಂಜೆಯೂ ಏಳುತ್ತದೆ, ಸ್ವಲ್ಪ ಗೊಣಗುತ್ತಾ. ಸ್ಟೆಬಿಲೈಸರ್ ಮಾರುವ ಅಂಗಡಿಯವರು ಹೇಳುವುದನ್ನು ಕೇಳುವ ಮೊದಲು ತಂತಿಯ ದಪ್ಪ ನೋಡಿ. ಸೋರುವ ಕೊಡಕ್ಕೆ ದೊಡ್ಡ ಹಗ್ಗ ಕಟ್ಟಿ ಫಲವಿಲ್ಲ. ತೋಟದ ಪಂಪ್‌ಸೆಟ್ಟಿನ ಮೂರು ಫೇಸ್ ಇದೆಯಲ್ಲ, ಅದರಿಂದ ಒಂದೆಳೆ ಎಳೆದುಕೊಳ್ಳಬಾರದೇ ಎಂದು ಕೇಳಿದವರು ಒಬ್ಬಿಬ್ಬರಲ್ಲ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪಿಗೆ ಸರ್ಕಾರ ಪುಕ್ಕಟೆ ಕೊಡುವ ವಿದ್ಯುತ್ತು ಅದು. ನೀರೆತ್ತಲು ಕೊಟ್ಟದ್ದರಲ್ಲಿ ಮರ ಕೊಯ್ದರೆ ಕಳವೇ ಆಯಿತು.

ಇನ್ನೊಂದು ವಿಷಯ ಅರ್ತಿಂಗ್. ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆಯ ಭೂಸಂಪರ್ಕ ಕೊಡುತ್ತದೆ, ಏಪ್ರಿಲಿನಲ್ಲಿ ಒಣಗಿ ಕೈಕೊಡುತ್ತದೆ. ಸಿಡಿಲಿನ ಕಾಲವೂ ಅದೇ. ಹಾಗಾಗಿ ಇದ್ದಿಲು, ಉಪ್ಪು ತುಂಬಿದ ಗುಂಡಿಯನ್ನು ಕೈಕಾಲು ತೊಳೆಯುವ ನಲ್ಲಿಯ ನೀರು ಇಂಗುವ ಕಡೆ ತೋಡಿಸಿದೆ, ವರ್ಷವಿಡೀ ಒದ್ದೆಯಿರಲಿ ಎಂದು. 30 ಮಿಲಿ ಆಂಪಿಯರಿನ ಸೋರಿಕೆ ಕತ್ತರಿಸುವ ಸ್ವಿಚ್ಚಂತೂ ಬೇಕೇ ಬೇಕು. ಒದ್ದೆ ಕಾಲಿನಲ್ಲಿ, ಒದ್ದೆ ನೆಲದಲ್ಲಿ, ಕಬ್ಬಿಣದ ಮೈಯ ಡ್ರಿಲ್ ಹಿಡಿಯುವ ಜನ ನಾವು.

ಬಲ್ಬು ಮತ್ತು ಬಚ್ಚಲ ಒಲೆ

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಶೆಡ್ಡಿನಲ್ಲಿ ತುಕ್ಕೇ ಇಲ್ಲ ಎಂದು ಬಂದವರಿಗೆಲ್ಲ ತೋರಿಸಿ ಬೀಗಿದೆ. ಹೊಸ ಗೋಡೆಗೆ ಪರೀಕ್ಷೆಯೇ ಆಗಿರಲಿಲ್ಲ.

ಉಪಕರಣಗಳಿಗೆ ಒಂದು ಕಪಾಟು ಮಾಡಿದ್ದೆ. ಬಾಗಿಲಿಗೆ ರಬ್ಬರ್ ಪಟ್ಟಿ, ಒಳಗೆ ತಳದಲ್ಲಿ 40 ವ್ಯಾಟಿನ ಹಳೆಯ ಮಾದರಿಯ ತಂತಿಯ ಬಲ್ಬು. ಲೆಕ್ಕ ಸರಳ. ಹೊರಗೆ 24 ಡಿಗ್ರಿ, ತೇವಾಂಶ ನೂರಕ್ಕೆ 95 ಇದ್ದಾಗ ಅದೇ ಗಾಳಿಯನ್ನು 29 ಡಿಗ್ರಿಗೆ ಬಿಸಿಮಾಡಿದರೆ ತೇವಾಂಶ ನೂರಕ್ಕೆ 71ಕ್ಕೆ, 31 ಡಿಗ್ರಿಗೆ ಏರಿಸಿದರೆ 63ಕ್ಕೆ ಇಳಿಯುತ್ತದೆ. ಅಷ್ಟಾದರೆ ತುಕ್ಕಿನ ಓಟ ನಿಲ್ಲುವಷ್ಟು ನಿಧಾನವಾಗುತ್ತದೆ. ನೀರು ತೆಗೆಯಬೇಕಿಲ್ಲ, ಗಾಳಿಯ ಬಾಯಾರಿಕೆ ಹೆಚ್ಚಿಸಿದರೆ ಸಾಕು.

2024ರ ಜುಲೈ ಬಂತು. ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು ಆ ತಿಂಗಳ 16ರಂದು. ಜಿಲ್ಲೆಯಲ್ಲಿ ಯಾರೂ ಆ ವಾರವನ್ನು ಮರೆಯುವಂತಿಲ್ಲ. ಘಟ್ಟದ ಮೇಲೆ ನಮ್ಮಲ್ಲೂ ಮರಗಳು ಉರುಳಿ, ಕಂಬಗಳು ಮುರಿದು, ಆರು ದಿನ ವಿದ್ಯುತ್ತಿರಲಿಲ್ಲ. ಬಲ್ಬು ಆರಿತು. ರಬ್ಬರ್ ಪಟ್ಟಿ ಹಾಕಿದ ಕಪಾಟು ತೇವವನ್ನು ಹೊರಗಿಡುವ ಬದಲು ಒಳಗೇ ಹಿಡಿದಿಟ್ಟಿತು. ಐದನೆಯ ದಿನ ಬಾಗಿಲು ತೆಗೆದಾಗ ಉಳಿಗಳ ಮೇಲೆ ಕಿತ್ತಳೆ ಬಣ್ಣದ ಧೂಳು ಕೂತಿತ್ತು.

ಅಂದು ಆಚಾರಿಗಳ ಮನೆಗೆ ಹೋಗಿದ್ದೆ, ಬಿದ್ದ ಮರದ ವಿಷಯಕ್ಕೆ. ಅವರ ಉಳಿಗಳು ಎಲ್ಲಿ ಎಂದು ಕೇಳಿದೆ. ಬಚ್ಚಲ ಒಲೆಯ ಮೇಲಿನ ಅಟ್ಟವನ್ನು ತೋರಿಸಿದರು. ಎಣ್ಣೆ ಒರೆಸಿದ ಗೋಣಿತಾಟಿನಲ್ಲಿ ಸುತ್ತಿದ ಗಂಟು, ಮುಟ್ಟಿದರೆ ಬೆಚ್ಚಗೆ. ಬಿಚ್ಚಿದರೆ ಒಂದೊಂದು ಉಳಿಯ ಅಲಗಿನಲ್ಲೂ ಮುಖ ಕಾಣುತ್ತಿತ್ತು. ನಮ್ಮ ಕಡೆ ಸ್ನಾನದ ಹಂಡೆಯ ಕೆಳಗೆ ಅಡಿಕೆ ಸಿಪ್ಪೆ ಉರಿಯದ ದಿನವಿಲ್ಲ. ಮಳೆಗಾಲವಿಡೀ ಮನೆಯಲ್ಲಿ ಒಣಗಿರುವ ಜಾಗ ಅದೊಂದೇ. ಒದ್ದೆ ಬಟ್ಟೆ, ಬೀಜದ ಕಾಯಿ ಎಲ್ಲ ಅಲ್ಲಿಗೇ ಹೋಗುತ್ತವೆ.

"ಮೊದಲೇ ಹೇಳಬಾರದಿತ್ತೇ ಆಚಾರಿಯವರೇ?"

"ನೀವು ಕರೆಂಟಿನವರು. ಬಲ್ಬು ಹಾಕಿದ್ದೇನೆ ಎಂದಿರಿ. ಚೆನ್ನಾಗಿಯೇ ಇತ್ತು."

ಹೊಗೆಯೂ ಕಬ್ಬಿಣಕ್ಕೆ ಒಳ್ಳೆಯದಲ್ಲ ಎಂಬ ಅಳುಕು ನನಗಿತ್ತು. ಹಾಗಾಗಿ ಅಟ್ಟದ ಬದಲು ಒಲೆಯ ಬೆನ್ನಿನ ಗೋಡೆಯ ಆಚೆ ಬದಿಗೆ, ಒಣ ಜಗುಲಿಯಲ್ಲಿ, ಒಂದು ಮರದ ಕಪಾಟು ಕೂರಿಸಿದೆ. ಗೋಡೆಯ ಬಿಸಿ ಬರುತ್ತದೆ, ಹೊಗೆ ಬರುವುದಿಲ್ಲ. ಕಪಾಟಿನ ಮೇಲೆ ಕೆಳಗೆ ಬೆರಳಗಲದ ಸಂದಿ ಬಿಟ್ಟಿದ್ದೇನೆ, ಗಾಳಿ ಆಡಲೆಂದು. ಜೂನ್ ಬಂತೆಂದರೆ ಉಳಿ, ಕೀಸುಳಿ, ಅಳತೆಯ ಉಪಕರಣಗಳು ಶೆಡ್ಡಿನಿಂದ ಅಲ್ಲಿಗೆ ವಲಸೆ ಹೋಗುತ್ತವೆ. ಶೆಡ್ಡಿನಲ್ಲಿ ಉಳಿಯುವುದು ಗ್ರೀಸು ಬಳಿದ ದೊಡ್ಡ ಯಂತ್ರಗಳು ಮಾತ್ರ. ನಲವತ್ತು ಮೀಟರ್ ನಡೆಯಬೇಕು ಎಂಬುದೊಂದೇ ತೊಂದರೆ.

ಮರಕ್ಕೂ ಇದೇ ಕಥೆ. ಏಪ್ರಿಲಿನಲ್ಲಿ ಬಿಗಿಯಾಗಿ ಕೂರಿಸಿದ ಹಲಸಿನ ಡ್ರಾಯರು ಜುಲೈನಲ್ಲಿ ಎಳೆದರೆ ಹಿಡಿಕೆ ಕೈಗೆ ಬಂತು. ಒಣ ಗಾಳಿಯಲ್ಲಿ ನೂರಕ್ಕೆ ಹತ್ತರಷ್ಟು ನೀರಿದ್ದ ಮರ ಆಷಾಢದಲ್ಲಿ ಇಪ್ಪತ್ತಕ್ಕೆ ಏರಿ ಅಡ್ಡಕ್ಕೆ ಉಬ್ಬುತ್ತದೆ. ಈಗ ಬೇಸಿಗೆಯಲ್ಲಿ ಮಾಡುವ ಡ್ರಾಯರಿಗೆ ಎರಡು ದಪ್ಪ ರಟ್ಟಿನಷ್ಟು ಸಡಿಲ ಬಿಡುತ್ತೇನೆ. ಮಾರ್ಚಿನಲ್ಲಿ ಗಲಗಲ ಎನ್ನುತ್ತದೆ, ಎನ್ನಲಿ.

ಲೆಕ್ಕದ ಪುಸ್ತಕ ನೋಡಿದರೆ, ಮೂರು ಲಕ್ಷದಲ್ಲಿ ಮುಗಿಯಬೇಕಾಗಿದ್ದ ಕಟ್ಟಡಕ್ಕೆ ನಾಲ್ಕು ಲಕ್ಷ ಅರವತ್ತು ಸಾವಿರ ಆಗಿದೆ, ಕೊಟ್ಟಿಗೆಯ ಎಪ್ಪತ್ತು ಸಾವಿರ ಬಿಟ್ಟು. ಹೆಚ್ಚಾದದ್ದರಲ್ಲಿ ದೊಡ್ಡ ಪಾಲು ಪಂಚಾಂಗದ ಎತ್ತರ ಮತ್ತು ದಪ್ಪ ತಂತಿಯದು. ಅವೆರಡರ ಬಗ್ಗೆ ನನಗೆ ಬೇಸರವಿಲ್ಲ. ಕಳೆದ ಎರಡು ಕೊಯ್ಲಿನಲ್ಲಿ ಸುಲಿಯುವ ಯಂತ್ರ ಶಿರಸಿಗೆ ಹೋಗಿಲ್ಲ. ಅಕ್ಕಪಕ್ಕದ ಮನೆಗಳ ಯಂತ್ರಗಳು ಇಲ್ಲಿಗೆ ಬರತೊಡಗಿವೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೆ ಅದು ಬೋರ್ಡು ಹಾಕದ ವರ್ಕ್‌ಶಾಪ್ ಆಗುತ್ತದೆ.

ವೆಲ್ಡಿಂಗಿನ ಇಳಿಮಾಡು ಮಾತ್ರ ಇನ್ನೂ ನಕ್ಷೆಯಲ್ಲೇ ಇದೆ. 2025ರ ಮೇ ಕೊನೆಯ ವಾರ ಹಾಕಿಬಿಡೋಣ ಎಂದು ನಾಲ್ಕು ಕಂಬ ನೆಟ್ಟು, ರೀಪು ಕೊಯ್ದು ಇಟ್ಟಿದ್ದೆವು. ಆ ವರ್ಷ ಮುಂಗಾರು ಅದೇ ವಾರ ಕರಾವಳಿ ಹತ್ತಿ ಘಟ್ಟಕ್ಕೂ ಬಂದುಬಿಟ್ಟಿತು. ಕಂಬಗಳ ಮೇಲೆ ನೀಲಿ ಟಾರ್ಪಾಲು ಕಟ್ಟಿದ್ದೇವೆ. ಆಚಾರಿಗಳು ಮೊನ್ನೆ ಬಂದವರು ಅದರಡಿ ನಿಂತು, ಅಂಗಳದಿಂದ ಹರಿದು ಬಂದ ಹೊಸದೊಂದು ನೀರಿನ ದಾರಿ ಮೂರನೆಯ ಕಂಬದ ಬುಡ ಸುತ್ತಿ ಹೋಗುವುದನ್ನು ನೋಡುತ್ತಿದ್ದರು. ಆಮೇಲೆ ಏನೂ ಹೇಳದೆ ಒಂದು ದಬ್ಬೆಯ ಗೂಟ ತಂದು ಅಲ್ಲಿ ಹೊಡೆದರು.